ತಪಾಸಣೆಗೆ ತಯಾರಾದ ಮೊಣಕಾಲು

ಕಲ್ಲಡ್ಕದ ನಮ್ಮ ಪಕ್ಕದ ಹೋಟೆಲಿನ ಧಣಿಗಳಿಗೆ ಯಾವ ತಪಾಸಣೆಗೂ ಮೊದಲೇ ತಯಾರಾಗುವ ಚಟವಿತ್ತು. ಅಧಿಕಾರಿಗಳು ಬರುತ್ತಾರೆಂದರೆ ಹಿಂದಿನ ದಿನವೇ ಅಡುಗೆಮನೆಗೆ ಸುಣ್ಣ. ಶುಗರ್ ಪರೀಕ್ಷೆಯೆಂದರೆ ಮೂರು ದಿನ ಮೊದಲೇ ಸಿಹಿ ಬಂದ್. ಹೆಗಲ ಬೈರಾಸಿನಿಂದ ಮೇಜು ಒರೆಸುತ್ತ, "ರಿಪೋರ್ಟ್ ಚಂದ ಬರ್ಬೇಕು ಮಾರಾಯ್ರೆ" ಎನ್ನುತ್ತಿದ್ದರು.

ಕೃತಕ ಕೀಲು ಜೋಡಿಸಿದ್ದ ಅವರ ಮೊಣಕಾಲು ವರ್ಷ ಕಳೆದು ಊದಿಕೊಂಡಿತು. ಕೀಲಿನ ನೀರು ತೆಗೆದು ನೋಡುವವರೆಗೆ ಆ್ಯಂಟಿಬಯೋಟಿಕ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಎರಡು ಸಲ, ನನ್ನೆದುರೇ. ಈ ಮನುಷ್ಯ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ನಾಲ್ಕು ದಿನ ನುಂಗಿಯೇ ಬಂದರು. ತೆಗೆದ ನೀರಿನಿಂದ ಲ್ಯಾಬಿನಲ್ಲಿ ಒಂದು ರೋಗಾಣುವೂ ಬೆಳೆಯಲಿಲ್ಲ. "ನೋಡಿ, ಪಾಸ್!" ಎಂದು ನನ್ನ ಬೆನ್ನು ತಟ್ಟಿದರು.

ಡಾಕ್ಟರಿಗೆ ಸಂಶಯ ಹೋಗಲಿಲ್ಲ. ರೋಗಾಣುವಿನೊಂದಿಗೆ ಹೋರಾಡುವಾಗ ದೇಹ ಕೀಲಿನ ನೀರಿಗೆ ಬಿಡುವ ಒಂದು ಪ್ರೋಟೀನನ್ನು ಅಳೆಸಿದರು. ಮಾತ್ರೆಗೆ ರೋಗಾಣು ಅಡಗಿದ್ದರೂ ಅದು ವಿಪರೀತ ಹೆಚ್ಚಿತ್ತು. ಸೋಂಕು ಒಳಗೇ ಇತ್ತು. ಕಾಲನ್ನು ಮತ್ತೆ ಕೊಯ್ಯಬೇಕು.

"ಆ ಮಾತ್ರೆ ತಿಂದದ್ದು ಎಂತಕ್ಕೆ?" ಎಂದು ನಾನು ರೇಗಿದೆ.

ಅವರು ಬೈರಾಸಿನಿಂದ ಡಾಕ್ಟರ ಮೇಜನ್ನು ಒರೆಸತೊಡಗಿದರು. "ಅದಿರ್ಲಿ ಡಾಕ್ಟ್ರೇ, ಈ ಪ್ರೋಟೀನಿನ ಪರೀಕ್ಷೆ ಇನ್ನೊಮ್ಮೆ ಮಾಡುದಾದ್ರೆ, ಮೊದ್ಲು ಎಂತ ತಿನ್ಬೇಕು?"