ನಮ್ಮೂರ ಹೆಂಗಸರ ಡೈರಿ

ತೊಂಬತ್ತರ ದಶಕದ ಕೊನೆಯಲ್ಲಿ, ಅರಸೀಕೆರೆ ಪಕ್ಕದ ನಮ್ಮ ಹಳ್ಳಿಯ ಹೆಂಗಸರು ಸೇರಿ ತಮ್ಮದೇ ಒಂದು ಹಾಲಿನ ಡೈರಿ ಮಾಡಿಕೊಂಡರು. ಓಡಾಡಿ ಮಾಡಿಸಿದವರು ತೆಂಗಿನ ತೋಟದ ಮನೆಯ ಗೌಡತಿ. ಅವರೇ ಅಧ್ಯಕ್ಷೆ. ಊರಿನ ಹೆಣ್ಣುಮಕ್ಕಳಲ್ಲಿ ಪಿಯುಸಿ ಮುಗಿಸಿದ್ದವಳು ನಾನೊಬ್ಬಳೇ. ನಾನು ದಲಿತರ ಕೇರಿಯವಳು ಎಂದು ಗೊತ್ತಿದ್ದೂ ಅವರು ನನ್ನನ್ನೇ ಹಾಲು ಪರೀಕ್ಷೆಯ ತರಬೇತಿಗೆ ಹಾಸನಕ್ಕೆ ಕಳಿಸಿದರು.

ಮೊದಲ ದಿನಗಳಲ್ಲಿ ಬೆಳಿಗ್ಗೆ ಆರಕ್ಕೇ ಸಾಲು ನಿಲ್ಲುತ್ತಿತ್ತು. ನಾನು ಹಾಲು ಅಳೆದು ದೊಡ್ಡ ಕ್ಯಾನಿಗೆ ಸುರಿಯುತ್ತಿದ್ದೆ. ನಮ್ಮವ್ವನ ಎಮ್ಮೆಯ ಹಾಲೂ ಅದೇ ಕ್ಯಾನಿಗೆ ಬೀಳುತ್ತಿತ್ತು. ನಮ್ಮದೂ ಒಂದು ಡೈರಿ ಇದೆ ಎಂಬ ಗತ್ತು ಹೆಂಗಸರ ನಡಿಗೆಯಲ್ಲೇ ಕಾಣುತ್ತಿತ್ತು.

ಆಮೇಲೆ ಸಾಲು ಕರಗತೊಡಗಿತು. ಕೇಳಿದರೆ, "ಹಸ ಬತ್ತೋಗೈತೆ ಕಣವ್ವ" ಎನ್ನುತ್ತಿದ್ದರು. ನಂಬಿದೆ. ಒಂದು ಬೆಳಿಗ್ಗೆ, ಹಾಗೆ ಹೇಳಿದ್ದವರಲ್ಲೇ ಒಬ್ಬಾಕೆ ಪಕ್ಕದೂರಿನ ಡೈರಿಯ ಕಡೆ ನಡೆಯುತ್ತಿದ್ದಳು. ನನ್ನನ್ನು ಕಂಡು ಕ್ಯಾನನ್ನು ಸೆರಗಿನಲ್ಲಿ ಮುಚ್ಚಿದಳು.

ಅದೇ ವಾರ ಅಧ್ಯಕ್ಷೆ ನಮ್ಮ ಕೇರಿಗೆ ಬಂದರು. ಅಂಗಳದಲ್ಲೇ ನಿಂತರು.

"ಬೇಜಾರ್ ಮಾಡ್ಕೋಬೇಡ ಕಣವ್ವ. ನೀನು ಬರ್ಕೊಳ್ಳೋದಷ್ಟೇ ಮಾಡು. ಹಾಲು ಮುಟ್ಟೋ ಕೆಲ್ಸ ಬೇರೆಯೋರು ಮಾಡ್ಲಿ."

"ನೀವೂ ಹಿಂಗಂತೀರಾ, ಅಮ್ಮಾವ್ರೇ?"

"ನಂಗೇನಿಲ್ಲ. ಡೈರಿ ಉಳೀಬೇಕಲ್ಲ?"

ಅವ್ವ ಒಳಗಿನಿಂದಲೇ, "ಆಗಲ್ಲ ಅನ್ನು" ಎಂದಳು. ನಾನು ಅಧ್ಯಕ್ಷೆಗೆ ಹೂಂ ಎಂದೆ.

ಮರುದಿನದಿಂದ ಮೂಲೆಯ ಮೇಜಿನ ಹಿಂದೆ ಕೂತೆ. ಕೆಲವೇ ದಿನಗಳಲ್ಲಿ ಅವ್ವನ ಹಾಲಿಗೆ ಬೇರೆ ಕ್ಯಾನು ಬಂತು, ಕೊನೆಯಲ್ಲಿ ಸುರಿಯಬೇಕೆಂಬ ಮಾತೂ ಬಂತು. ನಾನು ತಲೆ ಎತ್ತಲಿಲ್ಲ.

"ನನ್ನೆಮ್ಮೆ ಏನ್ ತಪ್ಪು ಮಾಡೈತೆ?" ಎಂದು ಅವ್ವ ಎಲ್ಲರೆದುರಿಗೇ ಕೇಳಿದಳು. ಅವಳು ಪಾತ್ರೆಯನ್ನು ಹಾಗೇ ಹಿಡಿದು ಮನೆಗೆ ಹೋದಳು. ಮತ್ತೆ ಆ ಕಡೆ ಬರಲಿಲ್ಲ.

ಹೋದವರೂ ತಿರುಗಿ ಬರಲಿಲ್ಲ. ಇಷ್ಟು ಕಡಿಮೆ ಹಾಲಿಗೆ ಗಾಡಿ ಬರುವುದಿಲ್ಲ ಎಂದು ಹಾಲು ಒಕ್ಕೂಟದವರು ಹೇಳಿದರು. ಮಳೆಗಾಲ ಮುಗಿಯುವ ಮೊದಲೇ ಬೀಗ ಬಿತ್ತು. ಬೀಗ ಹಾಕುವಾಗ ಅಧ್ಯಕ್ಷೆ ಅತ್ತರು. ನನಗೆ ಅಳುವೂ ಬರಲಿಲ್ಲ. ಕೊನೆತನಕ ಉಳಿದಿದ್ದ ಹೆಂಗಸರು ಡೈರಿ ಬರುವ ಮೊದಲಿನಂತೆ ಬಸ್‌ಸ್ಟ್ಯಾಂಡಿನ ಹೋಟೆಲಿನವನಿಗೆ, ಅವನು ಹೇಳಿದ ರೇಟಿಗೆ ಹಾಲು ಹಾಕತೊಡಗಿದರು. ಅವರಲ್ಲೊಬ್ಬಳು ದಾರಿಯಲ್ಲಿ ತಡೆದು, "ನಿನ್ನಿಂದ್ಲೇ ಮುಚ್ಚೋಯ್ತು" ಎಂದಳು. ಅದನ್ನು ಅವಳು ನಿಜವಾಗಿ ನಂಬಿದ್ದಳು.

ಮುಂದೆ ಬೇಲೂರಿನಲ್ಲಿ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಅವ್ವನೂ ಜೊತೆಗೆ ಬಂದಳು. ಅಂದು ಏಕೆ ಒಪ್ಪಿಕೊಂಡೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.