ಅರ್ಧಕ್ಕೆ ನಿಂತ ‘ಬಿಳಿ ಸೀರಿ’

ಸಂಜೆ ಏಳರ ಹೊತ್ತಿಗೆ ಕೊಪ್ಪಳದ ನಮ್ಮ ಓಣಿಯಲ್ಲಿ ನಡೆದರೆ ಈಗಲೂ ಮನೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತದೆ. ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಸಪ್ಪಳವೂ ಕೇಳುತ್ತದೆ. ಕೇಳದೆ ಹೋಗಿರುವುದು ಧಾರಾವಾಹಿಯ ಹಾಡು. ಕೆಲವು ವರ್ಷಗಳ ಹಿಂದೆ ಇದೇ ಹೊತ್ತಿಗೆ ಹಾಲಿನ ಪಾಕೀಟು ತರಲು ಹೊರಟವನು ಒಂದು ಮಾತೂ ತಪ್ಪಿಸಿಕೊಳ್ಳದೆ ಕಥೆ ಕೇಳಿಕೊಂಡು ಹೋಗಬಹುದಿತ್ತು. ಮೊದಲನೆಯ ಮನೆಯಲ್ಲಿ ಸೊಸೆ ಅಳಲು ಶುರು ಮಾಡಿದರೆ ಮೂರನೆಯ ಮನೆಯಲ್ಲಿ ಅತ್ತೆ ಗದರಿಸುತ್ತಿದ್ದಳು, ಅಂಗಡಿ ಮುಟ್ಟುವಷ್ಟರಲ್ಲಿ ಸೋಪಿನ ಜಾಹೀರಾತು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಒಂದೇ ಮನೆಯಲ್ಲಿ ನಾಲ್ಕು ಕಥೆ ನಡೆಯುತ್ತವೆ. ಒಬ್ಬರು ಯಾಕೆ ಅಳುತ್ತಿದ್ದಾರೆಂದು ಪಕ್ಕದಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.

ಮೊನ್ನೆ ಆ ವಾಸನೆಯ ನಡುವೆ ನಡೆಯುವಾಗ ತಳಕಲ್ಲಿನ ನನ್ನ ದೊಡ್ಡವ್ವ ನೆನಪಾದಳು. ಧಾರಾವಾಹಿ ನೋಡುತ್ತಿದ್ದಳು ಅಂದರೆ ಅವಳ ಬಗ್ಗೆ ಕಡಿಮೆ ಹೇಳಿದಂತಾಗುತ್ತದೆ. ನೋಡುವವರು ಊರ ತುಂಬ ಇದ್ದರು. ದೊಡ್ಡವ್ವ ಅವುಗಳ ನ್ಯಾಯ ಮಾಡುತ್ತಿದ್ದಳು.

ಮಾಸ್ತರಿಕೆ ಸಿಕ್ಕಿ ನನ್ನನ್ನು ಮೊದಲು ಹಾಕಿದ್ದು ತಳಕಲ್ಲಿನ ಸಾಲೆಗೆ. ನಮ್ಮೂರು ಕುಷ್ಟಗಿ. ನನ್ನವ್ವ ಬಸ್ಸು ಹತ್ತಿಸುವಾಗ, “ಅಕ್ಕನ ಮನಿ ಇರೂ ಮುಂದ ಬಾಡಿಗಿ ಮನಿ ಹಿಡದೀ ಅಂದ್ರ ನೋಡು” ಎಂದು ತಾಕೀತು ಮಾಡಿದ್ದಳು. ಹೀಗೆ ನಾನು ದೊಡ್ಡವ್ವನ ಪಡಸಾಲೆ ಸೇರಿದೆ. ಆ ಮನೆಯಲ್ಲಿ ಆಗ ಇದ್ದವರು ಇಬ್ಬರೇ: ದೊಡ್ಡವ್ವ ಮತ್ತು ಸೊಸೆ ಹುಲಿಗೆವ್ವ. ದೊಡ್ಡವ್ವನ ಒಬ್ಬನೇ ಮಗ, ನನ್ನ ಅಣ್ಣನಾಗಬೇಕಾದವನು, ಕಾಮಾಲೆ ತಲೆಗೇರಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಹುಲಿಗೆವ್ವ ತವರಿಗೆ ಹೋಗಿರಲಿಲ್ಲ. ಹಗಲು ಇಬ್ಬರೂ ಹೊಲಕ್ಕೆ ಹೋಗುವರು, ಸಂಜೆ ಬಂದು ಕೈಕಾಲು ಮುಖ ತೊಳೆದುಕೊಂಡು ಟಿ.ವಿ. ಮುಂದೆ ಕೂಡುವರು. ನಾನು ಗೋಡೆಗೆ ಒರಗಿ ಮಕ್ಕಳ ಉತ್ತರಪತ್ರಿಕೆ ತಿದ್ದುವೆನು. ತಿದ್ದುತ್ತಿದ್ದೆ ಅಂತ ನಾನು ತಿಳಿದಿದ್ದೆ. ಒಂದು ದಿನ ಹುಲಿಗೆವ್ವ, “ಮಾಸ್ತರ, ನಿಮ್ಮ ಕೈಯಾಗಿನ ಪೇಪರು ತಲಿಕೆಳಗ ಐತ್ರಿ” ಎಂದ ಮೇಲೆ ಆ ಸೋಗನ್ನು ಕೈಬಿಟ್ಟೆ.

ಆ ಮನೆಯಲ್ಲಿ ಯಾವ ಧಾರಾವಾಹಿಯನ್ನೂ ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ. ಹೆಸರನ್ನು ಓದುವಷ್ಟರಲ್ಲಿ ಅದು ಪರದೆಯಿಂದ ಹೊರಟುಹೋಗುತ್ತಿತ್ತು, ಅದಕ್ಕೆ ಇವರೇ ಒಂದೊಂದು ಹೆಸರಿಟ್ಟಿದ್ದರು. ಮೊದಲು ಬರುತ್ತಿದ್ದದ್ದು ‘ಬಂಗಲೇದು’. ಅದರಲ್ಲಿ ದೊಡ್ಡ ಶ್ರೀಮಂತರ ಮನೆ, ಎರಡೂ ಕಡೆಯಿಂದ ಇಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೆ ಸದಾ ಯಾರಾದರೊಬ್ಬರು ನಿಂತು ಕೆಳಗಿನವರ ಮಾತು ಕದ್ದು ಕೇಳುವುದು. ದೊಡ್ಡವ್ವನ ತಕರಾರು ಕಥೆಯ ಮೇಲಲ್ಲ.

“ಇಷ್ಟ ದೊಡ್ಡ ಮನ್ಯಾಗ ಒಂದ ಕಸಬರಿಗಿ ಕಂಡೀಯೇನ ಹುಲಿಗಿ? ಹೋಗ್ಲಿ, ಒಬ್ಬರಾದ್ರೂ ಉಂಡದ್ದು ನೋಡೀಯೇನ? ತಾಟಿನ ಮುಂದ ಕುಂದರತಾರ, ಜಗಳಾ ತಗೀತಾರ, ಎದ್ದ ಹೊಕ್ಕಾರ. ಅಷ್ಟೂ ಅನ್ನ ಯಾರಿಗೆ ಹಾಕ್ತಾರ?”

“ಮಲಗೂ ಮುಂದ ಸುದ್ದಾ ಬಂಗಾರ ತಗಿಯಂಗಿಲ್ಲಲ್ಲ ಅತ್ತಿ, ಚುಚ್ಚಂಗಿಲ್ಲೇನ ಅದು?”

“ಖರೇ ಬಂಗಾರಾದ್ರ ಚುಚ್ಚತೈತಿ.”

ಅದಾದ ಮೇಲೆ ‘ಹಾವಿಂದು’. ಹಾವು ಹೆಣ್ಣಾಗಿ ಬಂದು ಸೇಡು ತೀರಿಸಿಕೊಳ್ಳುವ ಕಥೆ. ನನ್ನನ್ನು ಕೇಳಿದರೆ ಅದು ಎಲ್ಲಕ್ಕಿಂತ ಛಲೋ ಇತ್ತು. ಸಾಲೆಯಲ್ಲಿ ಉಳಿದ ಮಾಸ್ತರರ ಮುಂದೆ ಮೂಢನಂಬಿಕೆಯ ಬಗ್ಗೆ ಮಾತಾಡಿ, ಸಂಜೆ ಆ ಹಾವಿಗಾಗಿ ಓಡಿ ಬರುತ್ತಿದ್ದೆ. ದೊಡ್ಡವ್ವನಿಗೆ ಮಾತ್ರ ಆ ಹಾವು ಮನಸ್ಸಿಗೆ ಬಂದಿರಲಿಲ್ಲ. ಅದು ಹೆಡೆ ಎತ್ತಿ ನಿಂತಿತು ಅಂದರೆ ಜಾಹೀರಾತು ಮುಗಿಯುವ ತನಕ ಹಾಗೇ ನಿಂತಿರುತ್ತಿತ್ತು. “ಹೊಲದಾಗ ಇಷ್ಟ ವರ್ಷ ಕಳೆ ತಗದೀನಿ, ಹಿಂಗ ನಮ್ಮ ದಾರಿ ಕಾಯೂ ಹಾವು ಒಂದೂ ಸಿಕ್ಕಿಲ್ಲ ನನಗ” ಎನ್ನುತ್ತಿದ್ದಳು.

‘ದೇವರದ್ದು’ ಬಂದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾಲು ಮಡಚಿ ಕೂಡುವಳು. ಆದರೆ ಭಕ್ತಿ ಬೇರೆ, ನ್ಯಾಯ ಬೇರೆ. “ಎಷ್ಟ ಸೊರಗ್ಯಾನ ನೋಡು ದೇವರು. ಎಲುಬು ಕಾಣಾಕತ್ಯಾವ. ಯಾರೂ ಎಡಿ ಹಿಡದಿಲ್ಲ ಇವಗ” ಎಂದು ಮರುಗುವಳು. ಇನ್ನು ‘ಹಳ್ಳೀದು’ ಅಂತೊಂದಿತ್ತು, ಅದಕ್ಕೆ ಅತ್ತೆ ಸೊಸೆ ಸೇರಿ ನಗುತ್ತಿದ್ದರು. ನಮ್ಮ ಕಡೆಯ ಊರೇ ಅಂತ ಅದರಲ್ಲಿ ಹೇಳುತ್ತಿದ್ದರು. ಹೊಲದಲ್ಲಿ ಸೊಸೆ ಉಗುರಿಗೆ ಬಣ್ಣ ಹಚ್ಚಿಕೊಂಡು ಕಳೆ ಕೀಳುವಳು, ಎತ್ತುಗಳು ಮದುವೆಗೆ ಹೊರಟ ಹಾಗೆ ಮಿಂದು ನಿಂತಿರುವವು, ಮಾತಿನ ಕೊನೆಗೆಲ್ಲ ಒಂದೊಂದು ‘ಐತ್ರೀ’ ಅಂಟಿಸಿದರೆ ನಮ್ಮ ಮಾತಾಯಿತು ಎಂದು ಅವರು ತಿಳಿದಂತಿತ್ತು. ನನಗೆ ಸಿಟ್ಟು ಬರುತ್ತಿತ್ತು. ದೊಡ್ಡವ್ವ ಅಂದಳು: “ಬೈಬ್ಯಾಡ ಬಿಡು. ಪಾಪ, ಕಲಿಯಾಕತ್ಯಾರ.”

ಓದುಗರೇ, ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಕೂತು ಅತ್ತೆ ಸೊಸೆಯರ ಜಗಳದ ಧಾರಾವಾಹಿ ನೋಡುವುದು ಬೆಂಕಿಯ ಹತ್ತಿರ ಹತ್ತಿ ಇಟ್ಟಂತೆ ಅಂತ ನಿಮಗೂ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಕಟ್ಟಳೆ ಇತ್ತು. ಯಾವ ಧಾರಾವಾಹಿಯೇ ಇರಲಿ, ದೊಡ್ಡವ್ವ ಸೊಸೆಯ ಪರ, ಹುಲಿಗೆವ್ವ ಅತ್ತೆಯ ಪರ. ಬಂಗಲೆಯ ಅತ್ತೆ ಹಾಲಿನಲ್ಲಿ ವಿಷ ಹಾಕಿದ ದಿನವೂ ಹುಲಿಗೆವ್ವ, “ಅಕೀಗೂ ಏನ ಸಂಕಟ ಇತ್ತೋ ಏನೋ, ಸುಮ್ಮನ ಹಾಕ್ಯಾಳೇನ?” ಎಂದು ವಾದಿಸಿದ್ದಳು. “ವಿಷಾ ಹಾಕಿದಾಕಿ ಪರ ಮಾತಾಡ್ತೀಯಲ್ಲಬೇ, ನಿನಗ ತಲಿ ಐತಿಲ್ಲ?” ಎಂದು ದೊಡ್ಡವ್ವ ಬೈದಳು. ಜಾಹೀರಾತು ಮುಗಿಯುವ ತನಕ ಈ ವಕಾಲತ್ತು ನಡೆಯುತ್ತಿತ್ತು. ಅವರು ಒಬ್ಬರಿಗೊಬ್ಬರು ಮುಖಕ್ಕೆ ಹೇಳದ ಪ್ರೀತಿ ಎಷ್ಟೋ ಸಲ ಹಾಗೆ ಆ ಪರದೆಯ ಮೇಲಿನವರ ಹೆಸರಿನಲ್ಲಿ ಹೋಗಿ ಮುಟ್ಟುತ್ತಿತ್ತು.

ಆ ವರ್ಷವೇ ‘ಬಿಳಿ ಸೀರಿ’ ಶುರುವಾದದ್ದು. ಗಂಡ ಸತ್ತ ಎಳೆಯ ವಯಸ್ಸಿನ ಹುಡುಗಿ, ಮೈಮೇಲೆ ಬಿಳಿ ಸೀರೆ, ಮನೆಯಲ್ಲಿ ಮುದುಕಿ ಅತ್ತೆ. ಒಳ್ಳೆಯ ಗಂಡೊಬ್ಬ ಅವಳನ್ನು ಮಾಡಿಕೊಳ್ಳುತ್ತೇನೆ ಅನ್ನುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ ಅಷ್ಟು ನಿಧಾನದ ಧಾರಾವಾಹಿಯನ್ನು ನಾನು ನೋಡಿಲ್ಲ. ಆಕೆ ದೀಪ ಹಚ್ಚಲು ಒಂದು ವಾರ ತೆಗೆದುಕೊಳ್ಳುತ್ತಿದ್ದಳು. ಆದರೆ ಅದು ಬರುವಾಗ ನಮ್ಮ ಪಡಸಾಲೆಯಲ್ಲಿ ನಗು ಇರುತ್ತಿರಲಿಲ್ಲ.

“ಏನ್ ಇಷ್ಟ ಎಳಿಯಾಕತ್ಯಾರ? ಒಂದ ಛಲೋ ಸೀರಿ ಉಡಿಸಿ ಕಳಿಸಿಕೊಡಾಕ ಏನ ಧಾಡಿ ಇವರಿಗೆ?” ಎನ್ನುವಳು ದೊಡ್ಡವ್ವ.

“ಅಕಿ ಹೋದ್ರ ಆ ಮುದುಕಿ ಏನ ಮಾಡಬೇಕು?” ಎನ್ನುವಳು ಹುಲಿಗೆವ್ವ.

“ಮುದುಕೀದೇನು, ಇವತ್ತೋ ನಾಳೆಯೋ. ಹುಡುಗೀದು ಇನ್ನೂ ಎಷ್ಟ ಐತಿ ಮುಂದ!”

“ನಿಮಗ ತಿಳಿಯಂಗಿಲ್ಲ ಬಿಡ್ರಿ ಅತ್ತಿ. ಅಕೀಗೆ ಅಲ್ಲೇ ಛಲೋ ಐತಿ.”

ನಾನು ಮಾಸ್ತರ. ಮಕ್ಕಳಿಗೆ ಕಥೆಯ ಸಾರಾಂಶ ಬರೆಯಿರಿ ಎಂದು ದಿನಾ ಹೇಳುವವನು. ಕಣ್ಣ ಮುಂದೆ ನಡೆಯುತ್ತಿದ್ದುದರ ಸಾರಾಂಶ ನನಗೆ ತಿಳಿದದ್ದು ಯಲಬುರ್ಗಾದಿಂದ ಹುಲಿಗೆವ್ವನ ಸೋದರಮಾವ ಬಂದ ಭಾನುವಾರ. ಗಿಣಿಗೇರಿಯಲ್ಲಿ ಒಬ್ಬ ಇದ್ದಾನೆ, ಫ್ಯಾಕ್ಟರಿ ಕೆಲಸ, ಹೆಂಡತಿ ಸತ್ತಿದ್ದಾಳೆ, ಸಣ್ಣ ಮಗಳೊಂದಿದೆ, ಉಡಿಕೆ ಮಾಡಿಕೊಳ್ಳುತ್ತಾನಂತೆ ಎಂದು ಆತ ಸುದ್ದಿ ತಂದಿದ್ದ. ಉಡಿಕೆ ಅಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುವ ನಮ್ಮ ಮಂದಿಯ ಪದ್ಧತಿ. ಹಂದರವಿಲ್ಲ, ವಾಲಗವಿಲ್ಲ. ಹಿರಿಯರು ನಾಲ್ಕು ಜನ ಕೂತು, ಸತ್ತವನ ಮನೆಯವರು ‘ಆಗಲಿ’ ಅಂದರೆ ಮುಗಿಯಿತು.

“ಅಕ್ಕಾರ, ನೀವ ಒಂದ ಮಾತ ಹೇಳ್ರಿ” ಎಂದ ಸೋದರಮಾವ.

“ನಾ ಹ್ಞೂಂ ಅಂದ ಭಾಳ ದಿನಾತಪ್ಪ. ಅಕೀನ್ನ ಕೇಳು” ಎಂದಳು ದೊಡ್ಡವ್ವ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಬಿಳಿ ಸೀರಿ ಮುಗೀಲಿ ಮಾವಾ, ಆಮ್ಯಾಲ ಹೇಳ್ತೀನಿ” ಎಂದು ಹುಲಿಗೆವ್ವನ ದನಿ ಬಂತು. ಸೋದರಮಾವನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಚಹಾ ತಂದಿಟ್ಟ ಅವಳ ಸೀರೆಯನ್ನು ನೋಡಿ, ನನ್ನ ಕಿವಿಯ ಹತ್ತಿರ ಬಂದು, “ಅಕಿ ಉಟ್ಟದ್ದು ಕೆಂಪಂದ ಐತೆಲ್ಲೋ ಮಾಸ್ತರ?” ಎಂದ. ಧಾರಾವಾಹಿ ಎಂಬುದು ಮುಗಿಯುವ ವಸ್ತುವಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಹುಲಿಗೆವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಗಡುವು ಇಟ್ಟಿದ್ದಳು.

ದೊಡ್ಡವ್ವನಿಗೂ ಅದು ತಿಳಿಯಿತು. ಅಂದಿನಿಂದ ಅವಳು ಟಿ.ವಿ.ಯನ್ನೇ ಗದರಿಸತೊಡಗಿದಳು. “ಲಗೂ ಮುಗಸ್ರಿ. ಎಷ್ಟ ಸಲ ಅದ ಬಾಗಿಲದಾಗ ನಿಂದರತೀಯಬೇ, ಒಳಗ ಬಾ ಇಲ್ಲಾ ಹೊರಗ ಹೋಗು.” ಹುಲಿಗೆವ್ವ ಮುಸುಮುಸು ನಗುವಳು. ಗಿಣಿಗೇರಿಯವನು ಕಾಯುತ್ತೇನೆ ಅಂದಿದ್ದನಂತೆ. ಎಷ್ಟು ದಿನ ಕಾದಾನು ಎಂಬುದು ದೊಡ್ಡವ್ವನ ಚಿಂತೆ.

ಹೀಗಿರುವಾಗ ಒಂದು ಸೋಮವಾರ ‘ಬಿಳಿ ಸೀರಿ’ಯ ಹೊತ್ತಿಗೆ ಟಿ.ವಿ. ಹಚ್ಚಿದರೆ ಸಣ್ಣ ಹುಡುಗರು ಹಾಡುವ ಸ್ಪರ್ಧೆ. ಮರುದಿನವೂ ಅದೇ. ದೊಡ್ಡವ್ವ ನನ್ನನ್ನು ಕೇಬಲ್ಲಿನವನ ಹತ್ತಿರ ಅಟ್ಟಿದಳು. ನಾನು ಬಂದು ಹೇಳಿದೆ: “ನಿಲ್ಲಿಸಿಬಿಟ್ಟಾರಂತ ದೊಡ್ಡವ್ವ. ಯಾರೂ ನೋಡವಲ್ಲರಂತ.”

“ಯಾರೂ ನೋಡವಲ್ಲರ? ಮತ್ತ ನಾವೇನು ದನಾ? ಆ ಹುಡುಗಿ ಏನಾತು ಹಂಗಾರ?”

“ಏನೂ ಆಗಿಲ್ಲ. ಬಾಗಿಲದಾಗ ನಿಂತಾಳ.”

ಹುಲಿಗೆವ್ವ ಗೋಡೆ ನೋಡುತ್ತ ಕೂತಿದ್ದಳು. ಪರದೆಯ ಮೇಲೆ ಒಬ್ಬ ಹುಡುಗ ಬಾಯಿ ತೆರೆದು ರಾಗ ಎಳೆಯುತ್ತಿದ್ದ. ದೊಡ್ಡವ್ವ ಎದ್ದು ಹೋಗಿ ಟಿ.ವಿ. ಬಂದ್ ಮಾಡಿದಳು. ನಾನು ಆ ಮನೆಯಲ್ಲಿದ್ದ ಅಷ್ಟು ದಿನಗಳಲ್ಲಿ ಆ ಹೊತ್ತಿನಲ್ಲಿ ಅದು ಬಂದ್ ಆದದ್ದು ಅದೊಂದೇ ಸಲ. ಬಂದು ಚಾಪೆಯ ಮೇಲೆ, ಸೊಸೆಯ ಎದುರಿಗೆ ಕೂತಳು.

“ನಾ ಹೇಳ್ತೀನಿ ಕೇಳು ಮುಂದಿಂದು. ಅತ್ತಿ ಬರತಾಳ. ಟ್ರಂಕು ತಗೀತಾಳ. ಹಸರು ಇಳಕಲ್ ಸೀರಿ ಇರತೈತಿ, ಮಗಳಿಗಂತ ತಂದಿಟ್ಟದ್ದು, ಮಗಳು ಹುಟ್ಟಲಿಲ್ಲ. ಅದನ್ನ ತಗದು ಅಕಿ ಹೆಗಲ ಮ್ಯಾಲ ಹಾಕ್ತಾಳ.”

“ಮುದುಕಿ?” ಎಂದಳು ಹುಲಿಗೆವ್ವ.

“ಮುದುಕಿ ಅಲ್ಲೇ ಇರತೈತಿ. ಅದಕ್ಕೇನಾಗೈತಿ? ಟಿ.ವಿ. ನೋಡ್ಕೋತ ಕುಂದರತೈತಿ. ಜೋಡಿಗೆ ಮಾಸ್ತರ ಅದಾನ.”

“ಮಾಸ್ತರ ಏನೂ ಮಾತಾಡಂಗಿಲ್ಲ ಅತ್ತಿ.”

“ಕಲಸ್ತೀನಿ ಅವಗ.”

ಆಗ ಹುಲಿಗೆವ್ವ ಅತ್ತಳು. ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದು ದೊಡ್ಡವ್ವ ಆಮೇಲೆ ಹೇಳಿದಳು. ನಾನು ಉತ್ತರಪತ್ರಿಕೆಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದೆ.

ಹದಿನೈದು ದಿನದೊಳಗೆ ಉಡಿಕೆಯಾಯಿತು. ಹಸಿರು ಸೀರೆಯಲ್ಲಿ ಹುಲಿಗೆವ್ವ ಗಿಣಿಗೇರಿಯ ಟಂಟಂ ಗಾಡಿ ಹತ್ತಿದಳು. ಆ ಸಂಜೆ ಬಂಗಲೆಯ ಅತ್ತೆ ಮತ್ತೇನೋ ಒಳಸಂಚು ಹೂಡಿದಳು. ದೊಡ್ಡವ್ವ ಎಂದಿನಂತೆ ಸೊಸೆಯ ಪರ ನಾಲ್ಕು ಮಾತಾಡಿ, ಪಕ್ಕಕ್ಕೆ ನೋಡಿ, ತಡೆದಳು. ನಾನು ಗಂಟಲು ಸರಿ ಮಾಡಿಕೊಂಡು, “ಆದರೂ ಅತ್ತಿದೂ ಏನೋ ಸಂಕಟ ಇರಬೇಕು ದೊಡ್ಡವ್ವ” ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ನೀ ಬ್ಯಾಡ ಬಿಡೋ ತಮ್ಮ. ನಿನಗ ಜಗಳಾ ಬರಂಗಿಲ್ಲ” ಎಂದಳು. ಆಮೇಲಾಮೇಲೆ ಎರಡೂ ಕಡೆಯ ಮಾತನ್ನು ಅವಳೇ ಆಡತೊಡಗಿದಳು. ಅತ್ತೆಯ ಪರ ಮಾತಾಡುವಾಗ ಅವಳ ದನಿ ಹುಲಿಗೆವ್ವನ ದನಿಯಂತೆ ಸ್ವಲ್ಪ ತೆಳ್ಳಗಾಗುತ್ತಿತ್ತು. ನನಗೆ ಕೊಪ್ಪಳಕ್ಕೆ ವರ್ಗವಾದಾಗ ಜೊತೆಗೆ ಬಂದಳು. ನನ್ನ ಹೆಂಡತಿಯ ಜೋಡಿ ಕೂತು, ಕಣ್ಣು ಮಂಜಾದ ಮೇಲೂ ದನಿ ಕೇಳಿಯೇ ನ್ಯಾಯ ಮಾಡಿ, ಹೋದ ವರ್ಷ ತೀರಿಕೊಂಡಳು.

ಓಣಿಯ ಒಗ್ಗರಣೆಯ ವಾಸನೆ ಹೀಗೆಲ್ಲ ಕಾಡಿದ್ದಕ್ಕೆ, ಮರುದಿನವೇ ನಾನು ಗಿಣಿಗೇರಿಗೆ ಹೋದೆ. ಹುಲಿಗೆವ್ವನ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಅಂದಿನ ಆ ಸಣ್ಣ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಮಾತಿಗೆ ಮಾತು ಬಂದು ‘ಬಿಳಿ ಸೀರಿ’ಯ ಸುದ್ದಿ ಎದ್ದಿತು. ಮಗಳು ಫೋನಿನಲ್ಲಿ ಹುಡುಕಿ, “ಯವ್ವಾ, ಇಲ್ಲೈತಿ ನೋಡು. ಟಿ.ವಿ.ಯಾಗ ನಿಲ್ಲಿಸಿದ ಮ್ಯಾಲ ಉಳದದ್ದು ಇದರಾಗ ಹಾಕ್ಯಾರ. ಕಡೀದು ಹಚ್ಚಲೇನ?” ಎಂದಳು.

“ಬ್ಯಾಡವ್ವ. ಕಡೀದು ನಾ ನೋಡೀನಿ.”

“ಸುಳ್ಳ. ನಿಂತಿತ್ತಂತ ಈಗರ ಹೇಳಿದಿ!” ಮಗಳು ನನ್ನ ಕಡೆ ತಿರುಗಿದಳು. “ಹೌದೇನ್ರಿ ಕಾಕಾ?”

“ಹೌದು. ನಾನೂ ಅಲ್ಲೇ ಇದ್ದೆ” ಎಂದೆ.

“ಮತ್ತ ಏನಾತ್ರಿ ಕಡೀಕ?”

ಹುಲಿಗೆವ್ವ ಚಹಾಕ್ಕೆ ಇಡಲು ಒಳಗೆ ಹೋದಳು. ಮಗಳು ಫೋನನ್ನು ಬೋರಲು ಹಾಕಿ ನನ್ನ ಮುಂದೆ ಕಾಲು ಮಡಚಿ ಕೂತಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೇಳಿದವನು ನಾನು, ಹೇಳಿ ಗೊತ್ತಿಲ್ಲ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ: “ಒಬ್ಬಾಕಿ ಸೊಸಿ ಇದ್ಲು...”

ಒಲೆಯ ಕಡೆಯಿಂದ ದನಿ ಬಂತು. “ಮೊದಲ ಅತ್ತಿದು ಹೇಳ್ರಿ ಮಾಸ್ತರ.”