ಗಿರಿಜಾ ಟೀಚರ ಗುಂಡುಸೂಜಿ

ಸಂಜೆ ಶಾಲೆ ಬಿಡುವ ಹೊತ್ತಿಗೆ ಗಿರಿಜಾ ಟೀಚರ ಸೆರಗಿನ ಅಂಚಿನಲ್ಲಿ ಹತ್ತು ಹನ್ನೆರಡು ಗುಂಡುಸೂಜಿಗಳು ಸಾಲಾಗಿ ನಿಂತಿರುತ್ತಿದ್ದವು. ಯಾವುದೇ ಅರ್ಜಿ ಕೈಗೆ ಬಂದರೂ ಅದಕ್ಕೆ ಚುಚ್ಚಿದ ಕಾಗದಗಳನ್ನು ಒಂದೊಂದಾಗಿ ಓದುವರು. ಬೇಡದ್ದು ಕಂಡರೆ ಸೂಜಿ ಕಿತ್ತು ಸೆರಗಿಗೆ, ಕಾಗದ ತಿರುಗಿ ಮಕ್ಕಳ ಕೈಗೆ. ಇದೆಲ್ಲ ನಿಂತುಕೊಂಡೇ. ಕಾಪುವಿನ ನಮ್ಮ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾದ ಅವರಿಗೆ ಒಂದು ಒಳ್ಳೆಯ ಕೈಕುರ್ಚಿ ಇತ್ತು. ಅದರ ಮೇಲೆ ಅವರ ಕೊಡೆ ಕೂರುತ್ತಿತ್ತು.

ನಾನು ಅವರ ಶಾಲೆಗೆ ಸೇರಿದ್ದು ಹದಿನೇಳನೇ ವಯಸ್ಸಿನಲ್ಲಿ, ಎಂಟನೇ ತರಗತಿಗೆ. ನಮ್ಮದು ಬಾಗಲಕೋಟೆ ಕಡೆ. ಅಪ್ಪ ಕೆಂಪುಕಲ್ಲಿನ ಕೋರೆಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಐದನೆಯದಕ್ಕೆ ಶಾಲೆ ಬಿಟ್ಟಿದ್ದ ನಾನೂ ಅದೇ ಕೋರೆಯಲ್ಲಿ ಕಲ್ಲು ಹೊರುತ್ತಿದ್ದೆ. ಶಾಲೆಯ ಹೊಸ ಕೋಣೆಗೆ ಕಲ್ಲು ಇಳಿಸಲು ಹೋದ ದಿನ ಗೋಡೆಯ ಮೇಲಿನ ಬರಹಗಳನ್ನು ನಾನು ಓದುತ್ತಾ ನಿಂತದ್ದನ್ನು ಟೀಚರ್ ಕಂಡರು. "ಓದ್ಲಿಕ್ಕೆ ಬರ್ತದಾ ನಿಂಗೆ? ಹಾಗಾದ್ರೆ ಕಲ್ಲು ಎಂತಕ್ಕೆ ಹೊರುದು?" ಎಂದರು. ಅವರೇ ಪಾಠ ಹೇಳಿ, ಏಳನೆಯದರ ಪರೀಕ್ಷೆಗೆ ಹೊರಗಿನಿಂದ ಕಟ್ಟಿಸಿ, ಪಾಸು ಮಾಡಿಸಿ, ಹಿಂದಿನ ಬೆಂಚಿನಲ್ಲಿ ಕೂರಿಸಿದರು. ನನ್ನ ಯಮನೂರಪ್ಪ ಎಂಬ ಹೆಸರು ಕೇಳಿ ತರಗತಿಯ ಮಕ್ಕಳು ನಕ್ಕರೆ, "ನಗುದು ಸಾಕು. ಅವ ನಿಮ್ಮೆಲ್ಲರನ್ನೂ ಒಟ್ಟಿಗೆ ಎತ್ತಿ ಹೊರಗೆ ಹಾಕಿಯಾನು" ಎಂದು ಹೆದರಿಸಿದರು.

ನನ್ನ ಕಲಿಕೆ ನಿಂತದ್ದು ಸರಕಾರದ ಸಹಾಯಧನದ ಮೇಲೆ. ಆ ಸಹಾಯಧನ ನಿಂತದ್ದು ಕಾಗದಗಳ ಮೇಲೆ. ಜಾತಿಯದ್ದು, ಆದಾಯದ್ದು, ವ್ಯಾಸಂಗದ್ದು, ಅಂಕಪಟ್ಟಿ, ರೇಷನ್ ಕಾರ್ಡಿನ ನಕಲು, ಎಲ್ಲವೂ ಎರಡೆರಡು, ಎಲ್ಲದಕ್ಕೂ ದೊಡ್ಡ ಅಧಿಕಾರಿಯ ಸಹಿ. ಮತ್ತೆ ಮುಂದಿನ ವರ್ಷ ಅದೇ. ಮೊದಲಿನ ಎರಡನ್ನು ನಮ್ಮ ಊರಿನ ಕಚೇರಿಯಿಂದಲೇ ತರಬೇಕಿತ್ತು. ಎರಡು ವರ್ಷ ಹಾಗೆ ಹೋಗಿ ಬಂದ ಅಪ್ಪ ಮೂರನೆಯ ಸಲ ಸಿಟ್ಟಾದರು. "ವರ್ಷಾ ವರ್ಷಾ ಊರಿಗೆ ಹೋಗಿ ಕಾಗದ ತರಾಕ ನಾ ಏನ್ ಟಪಾಲಿನಾಂವ ಏನು? ಈ ಸಲ ರೊಕ್ಕ ಬರಲಿಲ್ಲಂದ್ರ ಬುತ್ತಿ ಕಟಗೊಂಡು ನನ್ನ ಜೊತಿ ಕೋರಿಗೆ ಬಾ."

ಇದನ್ನು ಹೇಳಿದಾಗ ಟೀಚರ್ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಾಲ್ಕು ಸಲ ನಡೆದರು.

"ನಿನ್ನ ಅಪ್ಪ ಹೇಳುದು ಸರಿ ಉಂಟು. ಈ ವ್ಯಾಸಂಗ ಪತ್ರವನ್ನೇ ನೋಡು. ನಾನೇ ಬರೆದು, ನಾನೇ ಸಹಿ ಹಾಕಿ, ನಿನ್ನ ಕೈಗೆ ಕೊಡುದು. ನೀನು ಅದನ್ನು ನನಗೇ ಕೊಡುದು. ನಾನು ಪುನಃ ಸಹಿ ಹಾಕಿ ಉಡುಪಿಗೆ ಕಳುಹಿಸುದು. ಎಂತ ಆಟ ಮಾರಾಯ ಇದು?"

ಮರುದಿನದಿಂದಲೇ ಅವರ ಓಡಾಟ ಶುರುವಾಯಿತು. ಸಹಾಯಧನ ಕೊಡುವ ಉಡುಪಿಯ ಕಚೇರಿಗೆ ಎಷ್ಟು ಸಲ ಹೋದರೋ. ಅವರು ಕೇಳಿದ್ದು ಇಷ್ಟೇ: ಮೂಲ ಕಾಗದಗಳು ಒಮ್ಮೆ ಬಂದರೆ ಶಾಲೆಯ ಕಪಾಟಿನಲ್ಲಿ ಇರಲಿ, ಯಾರು ಬೇಕಾದರೂ ಬಂದು ನೋಡಲಿ. ವರ್ಷಕ್ಕೊಮ್ಮೆ ಮಕ್ಕಳ ಹೆಸರಿನ ಪಟ್ಟಿ ಮಾತ್ರ ಮುಖ್ಯೋಪಾಧ್ಯಾಯಿನಿಯ ಸಹಿಯೊಂದಿಗೆ ಹೋಗಲಿ. ಅಲ್ಲಿನ ಅಧಿಕಾರಿ ಕಡೆಗೆ ಬೇಸತ್ತು, "ಆಯ್ತು ಮೇಡಂ, ಒಂದು ವರ್ಷ ನೋಡುವ. ಇಡೀ ಶಾಲೆಯದ್ದು ಒಂದೇ ಪುಟದಲ್ಲಿ ತನ್ನಿ" ಎಂದರಂತೆ. ಅವರು ಹೇಳಿದ್ದು ತಮಾಷೆಗೆ. ಟೀಚರಿಗೆ ಅದು ಆಣೆಯ ಹಾಗಾಯಿತು. ಪ್ರಾರ್ಥನೆಯ ಹೊತ್ತಿಗೂ ಒಂದೇ ಪುಟ, ಊಟದ ಹೊತ್ತಿಗೂ ಒಂದೇ ಪುಟ.

ಪಟ್ಟಿ ಟೈಪ್ ಮಾಡುವ ಕೆಲಸ ನನಗೆ ಬಂತು. ಶಾಲೆಯ ಹಳೆಯ ಯಂತ್ರದಲ್ಲಿ ನಾನು ಎರಡು ಬೆರಳಲ್ಲಿ ಟೈಪ್ ಕಲಿಯುತ್ತಿದ್ದೆ. ಮೂವತ್ತನಾಲ್ಕು ಮಕ್ಕಳು. ಎಂಟನೆಯದರಿಂದ ಹತ್ತನೆಯದರ ತನಕ ಸಾಲಾಗಿ ಬರೆದರೆ, ನಮ್ಮ ತರಗತಿಗೆ ತಡವಾಗಿ ಸೇರಿದ ನನ್ನದು ಕೊನೆಯ ಹೆಸರು. ಸಾಲುಗಳನ್ನು ಎಷ್ಟು ಒತ್ತೊತ್ತಾಗಿ ಹಾಕಿದರೂ ಸಹಿಗೆ ಜಾಗ ಬಿಟ್ಟು ಮೂವತ್ತಮೂರಕ್ಕೆ ಪುಟ ಮುಗಿಯಿತು. ಮೂರು ಸಲ ಹರಿದು ಹೊಸತಾಗಿ ಮಾಡಿದೆ. ಮೂರು ಸಲವೂ ನಾನು ಹೊರಗೆ. ಎರಡನೆಯ ಪುಟಕ್ಕೆ ಹೋದರೆ ಟೀಚರ ಮಾತು ಬೀಳುತ್ತದೆ, ಅಧಿಕಾರಿ ಮೊದಲಿನ ಹಾಗೆ ಎಲ್ಲ ಕಾಗದ ಕೇಳುತ್ತಾರೆ, ಮೂವತ್ತಮೂರು ಮಕ್ಕಳೂ ತೊಂದರೆಗೆ ಬೀಳುತ್ತಾರೆ ಎಂದು ನನಗೆ ಹೆದರಿಕೆ. ನಾನು ಎಲ್ಲರಿಗಿಂತ ದೊಡ್ಡವನು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನನ್ನ ಹೆಸರು ಬಿಟ್ಟೆ. ಟೀಚರ್ ಆ ದಿನ ಇನ್ಯಾವುದೋ ಸಭೆಗೆ ಓಡುತ್ತಿದ್ದರು. ಒಂದೇ ಪುಟ ಕಂಡ ಸಂತೋಷಕ್ಕೆ ಕೂಡಲೇ ಸಹಿ ಹಾಕಿದರು.

ಪಟ್ಟಿ ಕೊಡಬೇಕಾದ ಕೊನೆಯ ದಿನ ಬೆಳಿಗ್ಗೆ ಶಾಲೆಯ ಪ್ಯೂನ್ ಅದನ್ನು ಹಿಡಿದುಕೊಂಡು ಉಡುಪಿಗೆ ಹೋದರು. ಮಧ್ಯಾಹ್ನ ಟೀಚರ್ ಅದರ ಕಾರ್ಬನ್ ಪ್ರತಿಯನ್ನು ಪೆನ್ನಿನ ತುದಿಯಲ್ಲಿ ಎಣಿಸುತ್ತಾ ನಮ್ಮ ತರಗತಿಯ ಬಾಗಿಲಿಗೆ ಬಂದರು.

"ಯಮನೂರ, ನೀನೆಲ್ಲಿ?"

"ಇಲ್ಲೇ ಇದ್ದೇನೆ ಟೀಚರ್."

"ಇಲ್ಲಿ ಅಲ್ಲ ಮಾರಾಯ, ಪಟ್ಟಿಯಲ್ಲಿ!"

ಕಾರಣ ಹೇಳಿದೆ. ಅವರು ಬಯ್ಯಲಿಲ್ಲ. ಶಾಲೆಯ ಸೀಲನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕೈ ಹಿಡಿದು ಹೆದ್ದಾರಿಗೆ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಸೀಟು ಇತ್ತು. "ಕೂತುಕೊಳ್ಳಿ ಟೀಚರ್" ಎಂದೆ. "ಕೂತರೆ ಬಸ್ಸು ನಿಧಾನ ಆಗ್ತದೆ" ಎಂದರು. ಕಟಪಾಡಿ ದಾಟುವವರೆಗೆ ಮೂರು ಸಲ ಗಡಿಯಾರ ನೋಡಿದರು. ನನ್ನ ಕಣ್ಣಿಗೆ ಕೋರೆಯ ಕೆಂಪು ಧೂಳು ಕಾಣುತ್ತಿತ್ತು.

ಕಚೇರಿಯಲ್ಲಿ ಗುಮಾಸ್ತರು ಬಂದ ಪಟ್ಟಿಗಳ ಕಟ್ಟಿಗೆ ದಾರ ಸುತ್ತುತ್ತಿದ್ದರು. ಒಂದು ಹೆಸರು ಬಿಟ್ಟುಹೋಗಿದೆ, ಚೀಟಿ ಸೇರಿಸಬೇಕು ಎಂದು ಟೀಚರ್ ಹೇಳಿದರು. "ಎಂತ ಮೇಡಂ, ಒಂದೇ ಪುಟ ಅಂತ ಊರೆಲ್ಲ ಹೇಳಿದ್ದು ನೀವೇ ಅಲ್ವಾ? ಈಗ ಪುನಃ ಚೀಟಿ ಎಂತಕ್ಕೆ?"

"ಕಾಗದ ಕಡಿಮೆ ಮಾಡ್ಲಿಕ್ಕೆ ಹೇಳಿದ್ದು ನಾನು. ಮಕ್ಕಳನ್ನು ಕಡಿಮೆ ಮಾಡ್ಲಿಕ್ಕೆ ಅಲ್ಲ."

ಒಂದು ಚೀಟಿಯಲ್ಲಿ ನನ್ನ ಹೆಸರು ಬರೆದರು, ಸಹಿ ಮಾಡಿದರು, ಸೀಲು ಒತ್ತಿದರು. ಗುಮಾಸ್ತರು ದಾರ ಬಿಚ್ಚಿ ನಮ್ಮ ಪಟ್ಟಿ ತೆಗೆದರು. ಟೀಚರ್ ಸೆರಗಿನಿಂದ ಒಂದು ಗುಂಡುಸೂಜಿ ಕಿತ್ತು ಚೀಟಿಯನ್ನು ಪಟ್ಟಿಗೆ ಚುಚ್ಚಿದರು. ಇಷ್ಟು ವರ್ಷ ಸೂಜಿ ಕೀಳುತ್ತಿದ್ದ ಕೈ ಅದು. ಚುಚ್ಚುವ ಅಭ್ಯಾಸ ತಪ್ಪಿ, ಸೂಜಿ ಬೆರಳಿಗೂ ತಾಗಿತು. ಗುಮಾಸ್ತರು ಪಟ್ಟಿಯನ್ನು ಕಟ್ಟಿನೊಳಗೆ ಸೇರಿಸಿ ಪುನಃ ದಾರ ಸುತ್ತಿದರು.

ಹೊರಗೆ ಬಂದ ಮೇಲೆ ಬೆರಳನ್ನು ಬಾಯಲ್ಲಿ ಚೀಪುತ್ತಾ ಹೇಳಿದರು: "ಇನ್ನೊಂದು ಸಲ ನಿನ್ನ ಹೆಸರು ನೀನೇ ಬಿಟ್ಟರೆ ಸೂಜಿ ನಿಂಗೇ ಚುಚ್ಚುದು, ಗೊತ್ತುಂಟಲ್ಲಾ?"

ಸಹಾಯಧನ ಬಂತು, ನಾನು ಹತ್ತನೆಯದನ್ನು ಮುಗಿಸಿದೆ. ಆದರೆ ಮರುವರ್ಷ ಕಚೇರಿಗೆ ಹೊಸ ಅಧಿಕಾರಿ ಬಂದು ಎಲ್ಲ ಕಾಗದ ಬೇಕೆಂದರು. ಟೀಚರ್ ಕೊಡೆ ಎತ್ತಿಕೊಂಡು ಪುನಃ ಹೊರಟರು. ನಿವೃತ್ತಿಯ ತನಕ ಅದು ಹಾಗೆಯೇ ನಡೆಯಿತು. ಒಂದು ವರ್ಷ ಗೆಲ್ಲುವುದು, ಒಂದು ವರ್ಷ ಸೋಲುವುದು.

ಈಗ ನಾನು ಬಜಗೋಳಿಯ ಒಂದು ಶಾಲೆಯಲ್ಲಿ ಗುಮಾಸ್ತ. ಕಂಪ್ಯೂಟರ್ ಬಂದಿದೆ, ಬೆರಳು ಮಾತ್ರ ಎರಡೇ. ಪಟ್ಟಿ ಮುಗಿದ ಮೇಲೆ ಎದ್ದು ಹೋಗಿ ಪ್ರತಿ ತರಗತಿಯಲ್ಲಿ ತಲೆ ಎಣಿಸಿ ಬರುತ್ತೇನೆ. ಬಂದ ಮೇಲೂ ಸಮಾಧಾನವಿಲ್ಲ. ಇನ್ನೊಮ್ಮೆ ಹೋಗುತ್ತೇನೆ. ಮಕ್ಕಳು ನಗುತ್ತಾರೆ.

ಟೀಚರನ್ನು ಕೊನೆಯದಾಗಿ ಕಂಡದ್ದು ಕಾರ್ಕಳದ ಬಸ್ ನಿಲ್ದಾಣದಲ್ಲಿ. ಅದಾಗಿ ಎರಡು ತಿಂಗಳಿಗೆ ಅವರು ತೀರಿಕೊಂಡರು. ಆ ದಿನ ತುಂಬಾ ತೆಳ್ಳಗಾಗಿದ್ದರು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ ಅವರು ಕೇಳಿದರು.

"ಪಟ್ಟಿ ಹೋಯ್ತಾ?"

"ನಿನ್ನೆ ಹೋಯಿತು ಟೀಚರ್."

"ಎಷ್ಟು ಮಕ್ಕಳು?"

"ಮೂವತ್ತೆಂಟು."

"ಎಷ್ಟು ಪುಟ?"

"ಎರಡು," ಎಂದೆ. "ಎರಡನೆಯದರಲ್ಲಿ ಐದೇ ಹೆಸರು."

ಟೀಚರ್ ನಕ್ಕರು. "ಇರಲಿ ಮಾರಾಯ. ಐದು ಜನ ಆರಾಮಲ್ಲಿ ಕೂತುಕೊಳ್ಳಲಿ."

ಅವರ ಬಸ್ಸು ಬಂತು. ಕೈ ಕೊಟ್ಟು ಹತ್ತಿಸಿದೆ. ಸೆರಗಿನಲ್ಲಿ ಒಂದೂ ಸೂಜಿ ಇರಲಿಲ್ಲ. ಕಿಟಕಿಯ ಬದಿಗೆ ಸೀಟು ಖಾಲಿ ಇತ್ತು. ಟೀಚರ್ ಕೊಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಅವರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಸ್ಸು ಹೋದ ಮೇಲೂ ನನಗೆ ಅಲ್ಲಿಂದ ಹೊರಡಲು ಆಗಲಿಲ್ಲ.